ಎಲೆಗಳ ಬಣ್ಣಗೆಡುವಿಕೆ: ಮನೆಗಿಡಗಳಲ್ಲಿ ಕಾರಣ ಪತ್ತೆ

ಎಲೆ ತನ್ನ ಸಹಜ ಹಸಿರು ಕಳೆದುಕೊಂಡು ಹಳದಿ, ಬಿಳಿ, ನೇರಳೆ, ಕಂದು ಅಥವಾ ಕಂಚಿನ ಬಣ್ಣಕ್ಕೆ ತಿರುಗುವುದನ್ನು ಒಟ್ಟಾರೆ ಬಣ್ಣಗೆಡುವಿಕೆ ಎನ್ನುತ್ತಾರೆ. ಕೈತೋಟ, ತಾರಸಿ ತೋಟ ಮಾಡುವವರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ: ‘ಎಲೆ ಹಳದಿಯಾಗ್ತಿದೆ, ಏನು ಹಾಕಬೇಕು?’ ಇಷ್ಟು ಹೇಳಿದರೆ ಯಾವ ತಜ್ಞನೂ ಉತ್ತರ ಕೊಡಲಾರ. ಸಾರಜನಕದ ಕೊರತೆ, ನೀರು ಹೆಚ್ಚಾದದ್ದು, ಬೇರುಗಂಟಿನ ಜಂತುಹುಳು, ಬಿಳಿನೊಣ ತಂದ ನಂಜಾಣು, ಎಲೆಗೆ ಬಂದ ಸಹಜ ಮುಪ್ಪು, ಇವೆಲ್ಲ ಕೊನೆಗೆ ಅದೇ ಹಳದಿಯನ್ನೇ ತೋರಿಸುತ್ತವೆ. ಆದ್ದರಿಂದ ಕಾರಣ ಪತ್ತೆಗೆ ಬಣ್ಣಕ್ಕಿಂತ ಹೆಚ್ಚು ನೆರವಾಗುವುದು ಅದು ಕಾಣಿಸಿಕೊಂಡ ಜಾಗ. ಗಿಡದ ಕೆಳಗಿನ ಎಲೆ ಮೊದಲು ಹಳದಿಯಾಯಿತೇ, ಕುಡಿಯ ಎಲೆಯೇ? ನರಗಳೂ ಹಳದಿಯಾದವೇ, ನರಗಳ ನಡುವಿನ ಜಾಗ ಮಾತ್ರವೇ? ಅಂಚಿನಿಂದ ಶುರುವಾಯಿತೇ, ತೊಟ್ಟಿನ ಕಡೆಯಿಂದಲೇ? ಇವಿಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಹಸಿರಿನ ರಚನೆ

ಎಲೆಯ ಹಸಿರಿಗೆ ಕಾರಣ ಪತ್ರಹರಿತ್ತು. ಅದರ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಇದ್ದು, ಸುತ್ತ ನಾಲ್ಕು ಸಾರಜನಕ ಪರಮಾಣುಗಳು ಅದನ್ನು ಹಿಡಿದಿರುತ್ತವೆ. ಸಸ್ಯವರ್ಣಕಗಳ, ಅದರಲ್ಲೂ ಪತ್ರಹರಿತ್ತಿನ, ಸಂಶೋಧನೆಗಾಗಿ ಜರ್ಮನಿಯ ರಿಚರ್ಡ್ ವಿಲ್‌ಷ್ಟೆಟರ್‌ಗೆ 1915ರ ರಸಾಯನಶಾಸ್ತ್ರ ನೊಬೆಲ್ ದೊರೆಯಿತು. ರಕ್ತದ ಹೀಮಿನ್ ಹಾಗೂ ಪತ್ರಹರಿತ್ತುಗಳ ರಚನೆ ಕುರಿತ ಕೆಲಸಕ್ಕೆ ಹಾನ್ಸ್ ಫಿಷರ್‌ಗೆ 1930ರಲ್ಲಿ ಅದೇ ಪ್ರಶಸ್ತಿ ಬಂತು. ಸಾರಜನಕ ಇಲ್ಲವೇ ಮೆಗ್ನೀಸಿಯಂ ಕಡಿಮೆಯಾದರೆ ಹಸಿರು ಕುಂದುವುದು ಈ ರಚನೆಯಿಂದಲೇ ಅರ್ಥವಾಗುತ್ತದೆ. ಕಬ್ಬಿಣದ ವಿಷಯ ಬೇರೆ. ಪತ್ರಹರಿತ್ತಿನ ಅಣುವಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ, ಆದರೆ ಅದನ್ನು ಕಟ್ಟುವ ಕೆಲಸಕ್ಕೆ ಕಬ್ಬಿಣ ಬೇಕೇ ಬೇಕು.

ಹಳದಿಯನ್ನು ಎಲೆ ಹೊಸದಾಗಿ ತಯಾರಿಸುವುದಿಲ್ಲ. ಕ್ಯಾರೊಟಿನಾಯ್ಡ್ ಎಂಬ ಹಳದಿ ವರ್ಣಕಗಳು ಆರೋಗ್ಯವಂತ ಎಲೆಯಲ್ಲೂ ಇರುತ್ತವೆ. ಹಸಿರು ಸರಿದಾಗ ಅವು ಕಣ್ಣಿಗೆ ಬೀಳುತ್ತವೆ. ನೇರಳೆ ಮತ್ತು ಕೆಂಪು ಹಾಗಲ್ಲ. ಚಳಿ, ರಂಜಕದ ಕೊರತೆ, ಎಲೆಯಲ್ಲಿ ಸಕ್ಕರೆ ಶೇಖರಣೆಯಾಗುವುದು ಮೊದಲಾದ ಒತ್ತಡಗಳಲ್ಲಿ ಆಂಥೊಸಯನಿನ್ ಎಂಬ ವರ್ಣಕ ಹೊಸದಾಗಿ ತಯಾರಾಗುತ್ತದೆ. ಮಾವು, ಹೊಂಗೆ, ಗುಲಾಬಿಯ ಎಳೆ ಚಿಗುರು ಕೆಂಪಾಗಿರುವುದು ಇದರಿಂದಲೇ. ಅದು ಕಾಯಿಲೆಯಲ್ಲ.

ಹಳೆ ಎಲೆ, ಹೊಸ ಎಲೆ

1860ರ ಸುಮಾರಿಗೆ ಜರ್ಮನಿಯ ಯೂಲಿಯಸ್ ಫಾನ್ ಸಾಕ್ಸ್ ಗಿಡಗಳನ್ನು ಮಣ್ಣಿಲ್ಲದೆ, ಲವಣ ಕರಗಿಸಿದ ನೀರಿನಲ್ಲಿ ಬೆಳೆಸಿ ತೋರಿಸಿದರು. ಆ ನೀರಿನಿಂದ ಒಂದೊಂದೇ ಧಾತುವನ್ನು ಕೈಬಿಟ್ಟು ಗಿಡ ಹೇಗೆ ನರಳುತ್ತದೆಂದು ನೋಡುವ ಕ್ರಮ ಮುಂದೆ ಪೋಷಕಾಂಶ ವಿಜ್ಞಾನದ ಅಡಿಪಾಯವಾಯಿತು. ಯಾವ ಧಾತುವನ್ನು ಅತ್ಯಗತ್ಯ ಎನ್ನಬೇಕೆಂಬ ನಿಯಮಗಳನ್ನು 1939ರಲ್ಲಿ ಆರ್ನನ್ ಮತ್ತು ಸ್ಟೌಟ್ ಮಂಡಿಸಿದರು. ಇಂದು ಸಾಮಾನ್ಯವಾಗಿ 17 ಧಾತುಗಳ ಪಟ್ಟಿ ಒಪ್ಪಿತವಾಗಿದೆ. 1987ರಲ್ಲಿ ಸೇರಿದ ನಿಕ್ಕಲ್ ಅದರಲ್ಲಿ ಕೊನೆಯದು.

ಪತ್ತೆಯ ಮಟ್ಟಿಗೆ ಈ ಪಟ್ಟಿಗಿಂತ ಮುಖ್ಯವಾದದ್ದು ಧಾತುಗಳು ಗಿಡದೊಳಗೆ ಓಡಾಡುವ ರೀತಿ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂಗಳನ್ನು ಗಿಡ ಒಂದು ಎಲೆಯಿಂದ ಬಿಚ್ಚಿ ಇನ್ನೊಂದಕ್ಕೆ ಸಾಗಿಸಬಲ್ಲದು. ಕೊರತೆ ಬಂದಾಗ ಚಿಗುರನ್ನು ಉಳಿಸಲು ಹಳೆ ಎಲೆಯಿಂದ ಇವನ್ನು ಹಿಂಪಡೆಯುತ್ತದೆ. ಹಾಗಾಗಿ ಇವುಗಳ ಕೊರತೆ ಮೊದಲು ಕೆಳಗಿನ ಎಲೆಗಳಲ್ಲಿ ಕಾಣುತ್ತದೆ. ಕ್ಯಾಲ್ಸಿಯಂ, ಬೋರಾನ್, ಕಬ್ಬಿಣ, ಮ್ಯಾಂಗನೀಸ್‌ಗಳು ಹೆಚ್ಚು ಕಡಿಮೆ ಕೂತಲ್ಲೇ ಕೂರುತ್ತವೆ. ಹಳೆ ಎಲೆಯಲ್ಲಿ ಎಷ್ಟೇ ಇದ್ದರೂ ಚಿಗುರಿಗೆ ಒದಗುವುದಿಲ್ಲ. ಇವುಗಳ ಕೊರತೆ ಕುಡಿಯಲ್ಲೇ ಮೊದಲು ತೋರುತ್ತದೆ. ಗಂಧಕ ಮತ್ತು ಸತು ಇವೆರಡರ ನಡುವೆ ನಿಲ್ಲುತ್ತವೆ, ಆದರೆ ಚಿಗುರಿನ ಕಡೆಗೇ ವಾಲಿಕೊಂಡು.

ಸಾರಜನಕ ಕಡಿಮೆಯಾದರೆ ಕೆಳಗಿನ ಎಲೆ ನರ ಸಮೇತ ಒಂದೇ ಸಮನೆ ತಿಳಿಹಳದಿಗೆ ತಿರುಗಿ, ಒಣಗಿ ಉದುರುತ್ತದೆ, ಗಿಡ ಬಡಕಲಾಗುತ್ತದೆ. ಸಣ್ಣ ಕುಂಡದಲ್ಲಿ ತಿಂಗಳುಗಟ್ಟಲೆ ಇರುವ ಮೆಣಸಿನ ಗಿಡ, ಬದನೆಗಳಲ್ಲಿ ಇದು ಮಾಮೂಲು. ಮೆಗ್ನೀಸಿಯಂ ಕೊರತೆಯಲ್ಲಿ ಹಳೆ ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಜಾಗ ಹಳದಿಯಾಗುತ್ತದೆ. ಮಳೆಗೆ ತೊಳೆದುಹೋಗುವ ಕರಾವಳಿಯ ಮರಳು ಮತ್ತು ಜಂಬಿಟ್ಟಿಗೆ ಮಣ್ಣಿನ ತೆಂಗಿನಲ್ಲಿ ಇದನ್ನು ಚೆನ್ನಾಗಿ ಕಾಣಬಹುದು. ಹತ್ತಿಯಲ್ಲಿ ಇದೇ ಕೊರತೆ ಕೆಂಪು ಬಣ್ಣ ತಾಳುತ್ತದೆ. ಉತ್ತರ ಕರ್ನಾಟಕದ ರೈತರು ‘ಹತ್ತಿ ಎಲೆ ಕೆಂಪಾಗೋದು’ ಎನ್ನುವುದರ ಹಿಂದೆ ಮೆಗ್ನೀಸಿಯಂ, ಸಾರಜನಕ, ಚಳಿರಾತ್ರಿ, ಕೆಲವೊಮ್ಮೆ ಜಿಗಿಹುಳು, ಹೀಗೆ ಹಲವು ಕಾರಣ ಸೇರಿರುತ್ತವೆ. ಪೊಟ್ಯಾಷ್ ಕೊರತೆ ಹಳೆ ಎಲೆಯ ಅಂಚನ್ನು ಬೆಂಕಿಗೆ ಹಿಡಿದಂತೆ ಕಂದಾಗಿಸಿ ಒಣಗಿಸುತ್ತದೆ. ಬಾಳೆಯಲ್ಲಿ ಬೇಗ ಗುರುತಿಸಬಹುದು. ರಂಜಕ ಕಡಿಮೆಯಾದರೆ ಎಲೆ ಹಳದಿಯಾಗುವುದಿಲ್ಲ. ಬದಲಿಗೆ ಮಬ್ಬು ಕಡುಹಸಿರಾಗಿ, ಜೋಳ ಟೊಮೆಟೊಗಳ ಸಸಿಗಳಲ್ಲಿ ಅಡಿಭಾಗ ನೇರಳೆಯಾಗುತ್ತದೆ. ಚಳಿಗಾಲದಲ್ಲಿ ಬೇರು ಮಂದವಾದಾಗಲೂ ಹೀಗೇ ಕಾಣುತ್ತದೆ. ಬಿಸಿಲು ಏರಿದ ಮೇಲೆ ತಾನೇ ಸರಿಹೋಗುವುದುಂಟು.

ಕುಡಿಯ ಎಲೆ ಹಳದಿಯಾಗಿ ನರಗಳು ಬಲೆಯ ಹಾಗೆ ಹಸಿರಾಗಿ ಎದ್ದು ಕಂಡರೆ ಮೊದಲ ಅನುಮಾನ ಕಬ್ಬಿಣದ ಮೇಲೆ. ತೀವ್ರವಾದಾಗ ಎಲೆ ಕಾಗದದಂತೆ ಬೆಳ್ಳಗಾಗುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಎರೆಮಣ್ಣಿನ ಶೇಂಗಾ ಮತ್ತು ಕಬ್ಬಿನಲ್ಲಿ, ಬೆಂಗಳೂರಿನ ಹಿತ್ತಲ ಕರಿಬೇವಿನಲ್ಲಿ ಇದು ಪರಿಚಿತ ನೋಟ. ಸತುವಿನ ಕೊರತೆಯಲ್ಲಿ ಎಲೆಗಳು ಚಿಕ್ಕದಾಗಿ ಒತ್ತೊತ್ತಾಗಿ ಬರುತ್ತವೆ. ಹಿಮಾಲಯದ ತಪ್ಪಲಿನ ತೆರಾಯ್ ಗದ್ದೆಗಳಲ್ಲಿ ಭತ್ತದ ಎಲೆ ತುಕ್ಕುಗಂದಾಗುತ್ತಿದ್ದ ‘ಖೈರಾ’ವನ್ನು ಜನ ರೋಗವೆಂದೇ ಎಣಿಸಿದ್ದರು. ಅದು ಬರೀ ಸತುವಿನ ಕೊರತೆ ಎಂದು 1966ರಲ್ಲಿ ಪಂತನಗರದ ವೈ. ಎಲ್. ನೆನೆ ತೋರಿಸಿಕೊಟ್ಟರು. ಬೋರಾನ್ ಕೊರತೆಯಲ್ಲಿ ಬಣ್ಣಕ್ಕಿಂತ ಆಕಾರ ಕೆಡುತ್ತದೆ: ತೆಂಗಿನ ಸುಳಿ ಬಿಚ್ಚಿಕೊಳ್ಳದೆ ಗರಿಗಳು ಅಂಟಿಕೊಂಡು ಮುರುಟುತ್ತವೆ. ಕ್ಯಾಲ್ಸಿಯಂ ಕೊರತೆ ಎಲೆಗಿಂತ ಹಣ್ಣಿನಲ್ಲಿ ಬೇಗ ಬಯಲಾಗುತ್ತದೆ. ಟೊಮೆಟೊದ ತಳ ಕಪ್ಪಾಗಿ ಕುಸಿಯುವುದು ಅದರ ಗುರುತು.

ಇದ್ದೂ ಸಿಗದ ಪೋಷಕಾಂಶ

ಮನೆಗಿಡಗಳಲ್ಲಿ ಕೊರತೆಯ ಲಕ್ಷಣ ಕಂಡರೆ ಮಣ್ಣಿನಲ್ಲಿ ಆ ಧಾತು ಇಲ್ಲ ಎಂದೇನೂ ಅಲ್ಲ. ಬಹುಪಾಲು ಸಲ ಅದು ಇರುತ್ತದೆ, ಬೇರಿಗೆ ಎಟಕುವುದಿಲ್ಲ. ಇದನ್ನು ಮರೆತು ಗೊಬ್ಬರದ ಮೇಲೆ ಗೊಬ್ಬರ ಸುರಿಯುವುದೇ ಕೈತೋಟದ ದೊಡ್ಡ ಪಿಡುಗು ಎನ್ನಬೇಕು.

ಮೊದಲ ಅಡ್ಡಿ ಮಣ್ಣಿನ ರಸಸಾರ (pH). ಹೆಚ್ಚಿನ ತರಕಾರಿ, ಹೂಗಿಡಗಳಿಗೆ 6ರಿಂದ 7ರ ನಡುವಿನ ರಸಸಾರ ಹಿತ. ಮಣ್ಣು ಕ್ಷಾರೀಯವಾದಂತೆ ಕಬ್ಬಿಣ, ಸತು, ಮ್ಯಾಂಗನೀಸ್‌ಗಳು ಕರಗದ ರೂಪಕ್ಕೆ ಹೋಗುತ್ತವೆ. ಬಯಲುಸೀಮೆಯ ಗಡಸು ಕೊಳವೆಬಾವಿ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚು. ಅದೇ ನೀರನ್ನು ವರ್ಷಗಟ್ಟಲೆ ಕುಂಡಕ್ಕೆ ಹೊಯ್ದರೆ ಮಣ್ಣು ನಿಧಾನವಾಗಿ ಕ್ಷಾರದತ್ತ ಸರಿಯುತ್ತದೆ, ಕುಂಡದ ಅಂಚಿನಲ್ಲಿ ಬಿಳಿ ಪಟ್ಟೆ ಕಟ್ಟುತ್ತದೆ. ಕಬ್ಬಿಣದ ತುಂಡು ಹೂತರೂ, ಮೊಳೆ ಚುಚ್ಚಿದರೂ ಇಂಥ ಗಿಡಕ್ಕೆ ಪ್ರಯೋಜನವಿಲ್ಲ. ಕರಿಬೇವಿಗೆ ಹುಳಿ ಮಜ್ಜಿಗೆ ಹೊಯ್ಯುವ ಅಜ್ಜಿಯರ ರೂಢಿಯಲ್ಲಿ ಒಂದಿಷ್ಟು ತರ್ಕವಿದೆ. ಮಜ್ಜಿಗೆಯ ಆಮ್ಲ ಬೇರಿನ ಸುತ್ತ ಸ್ವಲ್ಪ ಹೊತ್ತು ಕಬ್ಬಿಣವನ್ನು ಕರಗಿಸಬಹುದು. ಆದರೆ ಸುಣ್ಣದ ನೆಲದ ಕ್ಷಾರವನ್ನು ಒಂದು ಚೆಂಬು ಮಜ್ಜಿಗೆ ಸೋಲಿಸಲಾರದು.

ಎರಡನೆಯದು ನೀರು. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು. ಕುಂಡದ ತೂತು ಮುಚ್ಚಿಕೊಂಡು ನೀರು ನಿಂತರೆ ಬೇರು ಕೊಳೆಯುತ್ತದೆ, ನೀರಿನಲ್ಲೇ ನಿಂತ ಗಿಡ ನೀರಿಲ್ಲದಂತೆ ಬಾಡುತ್ತದೆ. ಅದನ್ನು ನೋಡಿದ ಮನೆಯವರು ಇನ್ನಷ್ಟು ನೀರು ಹಾಕುತ್ತಾರೆ. ಗಿಡವನ್ನು ಬುಡ ಹಿಡಿದು ಕುಂಡ ಬಗ್ಗಿಸಿ ಮಣ್ಣಿನ ಹೆಂಟೆ ಸಮೇತ ಹೊರತೆಗೆದು ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಆರೋಗ್ಯವಂತ ಬೇರಿನ ತುದಿ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಂದಾಗಿ, ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಮಣ್ಣಿಗೆ ಮೊಟ್ಟೆ ಕೊಳೆತ ವಾಸನೆ. ಬೇರಿನ ಮೇಲೆ ಸಾಸಿವೆಯಿಂದ ಕಡಲೆ ಗಾತ್ರದವರೆಗೆ ಗಂಟುಗಳಿದ್ದರೆ ಅದು ಜಂತುಹುಳುವಿನ ಕೆಲಸ. ಬೆಂಡೆ, ಟೊಮೆಟೊ, ಬದನೆಗಳಿಗೆ ಇದರ ಕಾಟ ಹೆಚ್ಚು. ತೊಗರಿ, ಹುರುಳಿಗಳ ಬೇರಿನಲ್ಲಿ ಸಾರಜನಕ ಹಿಡಿಯುವ ಗಂಟುಗಳೂ ಇರುತ್ತವೆ. ಅವು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಬೆರಳಿನಿಂದ ಸುಲಭವಾಗಿ ಕಳಚಿಬರುತ್ತವೆ. ಜಂತುಹುಳುವಿನ ಗಂಟು ಬೇರೇ ಊದಿಕೊಂಡದ್ದು, ಕಳಚುವುದಿಲ್ಲ.

ತಾರಸಿ ತೋಟಗಳಲ್ಲಿ ಮಣ್ಣಿನ ಬದಲು ತುಂಬುವ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ಇನ್ನೊಂದು ಬಗೆಯ ತೊಂದರೆ ತರುತ್ತದೆ. ತೊಳೆಯದ ಪುಡಿಯಲ್ಲಿ ಉಪ್ಪು ಹೆಚ್ಚು. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಕಳಿಯದ ನಾರಿನ ಪುಡಿ, ಮರದ ಹೊಟ್ಟು, ಒಣ ಎಲೆಗಳನ್ನು ಹಾಗೇ ಬೆರೆಸಿದರೆ ಅವನ್ನು ಕಳಿಸುವ ಸೂಕ್ಷ್ಮಜೀವಿಗಳೇ ಸಾರಜನಕವನ್ನು ಬಳಸಿಕೊಂಡು ಗಿಡವನ್ನು ಉಪವಾಸ ಕೆಡವುತ್ತವೆ. ಗೊಬ್ಬರ ಹೆಚ್ಚಾದರೂ ಎಲೆ ಕೆಡುತ್ತದೆ. ಆಗ ತುದಿಯಿಂದ ಹಿಂದಕ್ಕೆ ಕಂದಾಗಿ ಸುಟ್ಟಂತಾಗುತ್ತದೆ, ಉಳಿದ ಎಲೆ ಕಡುಹಸಿರಾಗಿರುತ್ತದೆ.

ಹುಳ, ನುಸಿ, ಶಿಲೀಂಧ್ರ

ಎಲೆಯ ಮೇಲ್ಭಾಗದಲ್ಲಿ ಸೂಜಿ ಚುಚ್ಚಿದಂಥ ತಿಳಿ ಚುಕ್ಕೆಗಳು ತುಂಬಿ ಎಲೆ ಮಂಕಾದರೆ ಗೊಬ್ಬರ ಬಿಟ್ಟು ಎಲೆ ತಿರುಗಿಸಿ ನೋಡಬೇಕು. ಬಿಳಿ ಹಾಳೆಯ ಮೇಲೆ ಎಲೆಯನ್ನು ತಟ್ಟಿದಾಗ ಉದುರಿದ ದೂಳಿನ ಕಣಗಳು ಒಂದೆರಡು ನಿಮಿಷದಲ್ಲಿ ನಡೆದಾಡಲು ಶುರುಮಾಡಿದರೆ ಅವು ಕೆಂಪು ನುಸಿ. ಬೇಸಿಗೆಯ ಒಣ ಹವೆಯಲ್ಲಿ ಗುಲಾಬಿ, ಬದನೆ, ಬೀನ್ಸ್‌ಗಳಿಗೆ ಇವು ಮುತ್ತುತ್ತವೆ. ಥ್ರಿಪ್ಸ್ ಕೆರೆದ ಎಲೆ ಬೆಳ್ಳಿಯಂತೆ ಹೊಳೆದು ಮೇಲಕ್ಕೆ ಮುದುಡುತ್ತದೆ. ಮೆಣಸಿನಕಾಯಿಯ ಮುಟುರು ರೋಗದಲ್ಲಿ ಥ್ರಿಪ್ಸ್ ಮತ್ತು ನುಸಿ ಎರಡರ ಪಾಲೂ ಇದ್ದು, ನುಸಿ ಹಿಡಿದ ಎಲೆ ಕೆಳಕ್ಕೆ ಬಾಗುತ್ತದೆ.

ಶಿಲೀಂಧ್ರಗಳು ಸಾಮಾನ್ಯವಾಗಿ ಗುರುತು ಬಿಟ್ಟೇ ಹೋಗುತ್ತವೆ: ಬೂದಿ ರೋಗದ ಬಿಳಿ ಪುಡಿ, ಎಲೆಚುಕ್ಕೆಯ ಉಂಗುರಗಳು, ತುಕ್ಕು ರೋಗದ ಕಿತ್ತಳೆ ದೂಳು. ಸಿಲೋನಿನ ಕಾಫಿ ತೋಟಗಳನ್ನು 1869ರಿಂದ ಮುಂದಕ್ಕೆ ನೆಲಕಚ್ಚಿಸಿದ್ದು ಈ ತುಕ್ಕೇ. ಕರ್ನಾಟಕದ ಕಾಫಿ ಬೆಳೆಗಾರರು ಇಂದಿಗೂ ಎಲೆ ಮಗುಚಿ ಬೆರಳಿಗೆ ಅಂಟುವ ಕಿತ್ತಳೆ ಪುಡಿ ನೋಡಿಯೇ ಅದನ್ನು ಖಚಿತಪಡಿಸಿಕೊಳ್ಳುತ್ತಾರೆ.

ಗೊಬ್ಬರಕ್ಕೆ ಬಗ್ಗದ ಹಳದಿ

ನಂಜಾಣು ಮತ್ತು ಫೈಟೊಪ್ಲಾಸ್ಮಾಗಳು ತರುವ ಹಳದಿಯನ್ನು ಕೊರತೆಯೆಂದು ತಪ್ಪು ತಿಳಿಯುವುದು ಸುಲಭ. ಬೆಂಡೆಯ ಹಳದಿ ನಂಜು ರೋಗದಲ್ಲಿ ಕಬ್ಬಿಣದ ಕೊರತೆಗೆ ಸರಿಯಾಗಿ ತಿರುವುಮುರುವಿನ ಚಿತ್ರ ಸಿಗುತ್ತದೆ: ನರಗಳೇ ಹಳದಿಯಾಗಿ ನಡುವೆ ಹಸಿರಿನ ತೇಪೆಗಳು ಉಳಿಯುತ್ತವೆ. ಇದನ್ನು ಹರಡುವುದು ಬಿಳಿನೊಣ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬೆಂಡೆಯ ಕಾಡು ಸಂಬಂಧಿಯೊಂದರ ಗುಣವನ್ನು ತಂದು ‘ಅರ್ಕಾ ಅನಾಮಿಕಾ’ ತಳಿಯನ್ನು ರೂಪಿಸಿದ್ದು ಈ ರೋಗ ತಾಳಿಕೊಳ್ಳಲೆಂದೇ. ಏಲಕ್ಕಿಯ ಕಟ್ಟೆ ರೋಗದಲ್ಲಿ ಎಳೆ ಎಲೆಗಳ ಮೇಲೆ ನಡುನರದಿಂದ ಅಂಚಿನವರೆಗೆ ತಿಳಿಹಸಿರು ಗೆರೆಗಳು ಎಳೆದಂತೆ ಕಾಣುತ್ತವೆ. ಸಸ್ಯಹೇನು ಅದರ ವಾಹಕ. ತೊಗರಿಯ ಗೊಡ್ಡು ರೋಗದಲ್ಲಿ ಗಿಡ ತಿಳಿಹಸಿರಾಗಿ ಪೊದೆಯಂತೆ ಬೆಳೆದು ಹೂವನ್ನೇ ಬಿಡುವುದಿಲ್ಲ. ಇದನ್ನು ಹರಡುವ ನುಸಿ ಬರಿಗಣ್ಣಿಗೆ ಕಾಣದಷ್ಟು ಸಣ್ಣದು.

ಫೈಟೊಪ್ಲಾಸ್ಮಾ ಎಂಬ, ಕೋಶಭಿತ್ತಿಯಿಲ್ಲದ ಸೂಕ್ಷ್ಮಜೀವಿಗಳ ಪರಿಚಯವಾದದ್ದು 1967ರಲ್ಲಿ, ಜಪಾನಿನ ವಿಜ್ಞಾನಿಗಳಿಂದ. ಅಲ್ಲಿಯವರೆಗೆ ಇಂಥ ರೋಗಗಳೆಲ್ಲ ನಂಜಾಣುವಿನ ಲೆಕ್ಕಕ್ಕೆ ಹೋಗುತ್ತಿದ್ದವು. ಶ್ರೀಗಂಧದ ಸ್ಪೈಕ್ ರೋಗ ಅದಕ್ಕೆ ಒಳ್ಳೆಯ ನಿದರ್ಶನ. 19ನೇ ಶತಮಾನದ ಕೊನೆಗೆ ಕೊಡಗಿನಲ್ಲಿ ಗಮನಕ್ಕೆ ಬಂದ ಇದು ಮೈಸೂರು ಸೀಮೆಯ ಗಂಧದ ಕಾಡುಗಳನ್ನು ಬರಿದುಮಾಡಿತು. ಎಲೆ ಚಿಕ್ಕದಾಗಿ, ಹಳದಿಯಾಗಿ, ಮುಳ್ಳಿನಂತೆ ಸೆಟೆದು ನಿಲ್ಲುವ ಈ ರೋಗಕ್ಕೆ ಕಾರಣ ಯಾವುದೆಂದು 1969ರಲ್ಲಷ್ಟೇ ಸೂಕ್ಷ್ಮದರ್ಶಕದಡಿ ಕಂಡುಬಂತು.

ಮಲೆನಾಡಿಗರ ಬಾಯಲ್ಲಿ ‘ಹಳದಿ ಎಲೆ’ ಎಂದರೆ ಬೇರೆ ವಿವರಣೆ ಬೇಡ, ಅದು ಅಡಕೆಯದ್ದೇ. ಶೃಂಗೇರಿ, ಕೊಪ್ಪ, ಸುಳ್ಯದ ಸಂಪಾಜೆ ಕಡೆಯ ತೋಟಗಳನ್ನು ದಶಕಗಳಿಂದ ಹಿಂಡುತ್ತಿರುವ ಈ ರೋಗ ಕೇರಳದಲ್ಲಿ 1914ರಲ್ಲೇ ವರದಿಯಾಗಿತ್ತು. ಮೊದಲಿಗೆ ಹೊರಸುತ್ತಿನ ಎರಡು ಮೂರು ಸೋಗೆಗಳ ಗರಿಗಳ ತುದಿ ಹಳದಿಯಾಗಿ, ಹಳದಿ ಮತ್ತು ಹಸಿರಿನ ನಡುವೆ ಗೆರೆ ಎಳೆದಂಥ ಎಲ್ಲೆ ಕಾಣುತ್ತದೆ. ನಡುನರದ ಬದಿಯ ಪಟ್ಟಿ ಹಸಿರಾಗಿಯೇ ಇರುತ್ತದೆ. ಬೇರಿನ ತುದಿ ಕೊಳೆಯುತ್ತದೆ, ಎಳೆಕಾಯಿ ಉದುರುತ್ತದೆ, ಒಡೆದ ಕಾಯಿಯ ತಿರುಳು ಮೆತ್ತಗೆ ಕಪ್ಪಾಗಿರುತ್ತದೆ. ಸಾರಜನಕದ ಕೊರತೆಯಲ್ಲಿ ಇಡೀ ಸೋಗೆ ಒಂದೇ ಸಮನೆ ಬಿಳಚುತ್ತದೆ, ತಿರುಳಿಗೆ ಏನೂ ಆಗುವುದಿಲ್ಲ. ಅನುಮಾನ ಬಂದಲ್ಲಿ ನಾಲ್ಕು ಕಾಯಿ ಒಡೆದು ನೋಡುವುದು ಸೋಗೆ ನೋಡುವುದಕ್ಕಿಂತ ಹೆಚ್ಚು ತಿಳಿಸುತ್ತದೆ. ನೀರು ನಿಲ್ಲುವ ತಗ್ಗು ತೋಟದಲ್ಲಿ ಬಸಿಗಾಲುವೆ ಸರಿಯಿಲ್ಲದೆಯೂ ಅಡಕೆ ಹಳದಿಯಾಗುವುದರಿಂದ ಗೊಂದಲ ಇನ್ನಷ್ಟು. ಈ ರೋಗ ತರುವ ಫೈಟೊಪ್ಲಾಸ್ಮಾವನ್ನು ಹರಡುವುದು ಪ್ರೌಟಿಸ್ಟಾ ಮೊಯೆಸ್ಟಾ ಎಂಬ ಜಿಗಿಹುಳು. ಔಷಧಿಯಿಲ್ಲ, ಬಸಿಗಾಲುವೆ, ಸಮತೋಲನದ ಗೊಬ್ಬರದಿಂದ ಮರದ ಆಯಸ್ಸನ್ನು ಎಳೆಯಬಹುದು ಅಷ್ಟೆ. ರೋಗಪೀಡಿತ ತೋಟಗಳ ನಡುವೆಯೂ ಹಸಿರಾಗಿ ನಿಂತ ಮರಗಳಿಂದ ಸಹಿಷ್ಣು ತಳಿ ಪಡೆಯುವ ಕೆಲಸವನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಕೈಗೊಂಡಿದೆ.

ಗಾಂಜಾ ಗಿಡ

ಮನೆಗಿಡದ ಎಲೆ ಹಳದಿಯ ಚರ್ಚೆ ಕೆನಡಾ, ಜರ್ಮನಿಗಳಲ್ಲಿ ಗಾಂಜಾ ಗಿಡದ ಸುತ್ತಲೂ ನಡೆಯುತ್ತದೆ. ಕೆನಡಾದ ರಾಷ್ಟ್ರೀಯ ಕಾನೂನು 2018ರ ಅಕ್ಟೋಬರ್ 17ರಿಂದ ಮನೆಗೆ ನಾಲ್ಕು ಗಿಡಗಳಿಗೆ ಅವಕಾಶ ಕೊಟ್ಟಿತು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರೊಬ್ಬರಿಗೆ ಮೂರು. ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆಯಡಿ ಪರವಾನಗಿಯಿಲ್ಲದೆ ಬೆಳೆಯುವುದು ಅಪರಾಧ. ಸಸ್ಯಶಾಸ್ತ್ರದ ಮಟ್ಟಿಗೆ ಇದರ ಎಲೆ ಹೇಳುವ ಕಥೆ ಮೇಲಿನದೇ. ವೇಗವಾಗಿ ಬೆಳೆಯುವ ಒಂದು ವರ್ಷದ ಗಿಡವಾದ್ದರಿಂದ ಸಾರಜನಕದ ಕೊರತೆ ಬೇಗ ಕಾಣುತ್ತದೆ, ಹೂ ಬಲಿಯುವ ಹೊತ್ತಿಗೆ ಕೆಳಗಿನ ದೊಡ್ಡ ಎಲೆಗಳು ಹಳದಿಯಾಗುವುದು ಮುಪ್ಪಿನ ಸಹಜ ಕ್ರಮ. ದೀಪಕ್ಕೆ ತೀರಾ ಹತ್ತಿರವಾದ ಕುಡಿ ಬೆಳ್ಳಗಾಗುವುದನ್ನು ಒಳಾಂಗಣ ಬೆಳೆಗಾರರು ಹಲವು ಸಲ ಕಬ್ಬಿಣದ ಕೊರತೆಯೆಂದು ಭಾವಿಸುತ್ತಾರೆ. 2019ರಲ್ಲಿ ಕ್ಯಾಲಿಫೋರ್ನಿಯಾದ ಗಾಂಜಾ ಗಿಡಗಳಲ್ಲಿ ಪತ್ತೆಯಾದ ಹಾಪ್ ಲೇಟೆಂಟ್ ವೈರಾಯ್ಡ್ ಮಾತ್ರ ಎಲೆ ನೋಡುವವರಿಗೆ ಸವಾಲು. ಎಷ್ಟೋ ಗಿಡಗಳಲ್ಲಿ ಅದು ಹೊರಗೆ ಏನೂ ತೋರದೆ ಕಡ್ಡಿ ನೆಡುವ ಮೂಲಕ ಹರಡುತ್ತದೆ. ಪ್ರಯೋಗಾಲಯದ ಪರೀಕ್ಷೆಯೊಂದೇ ದಾರಿ.

ಎಲೆಗೇ ಕೇಳುವುದು

ಅನುಮಾನ ಪರಿಹರಿಸಲು ಹಳೆಯ, ಆದರೆ ಇಂದಿಗೂ ಒಪ್ಪುವ ವಿಧಾನವೊಂದಿದೆ. ಫ್ರಾನ್ಸಿನ ಯೂಜೀಬ್ ಗ್ರಿ 1840ರ ದಶಕದಲ್ಲಿ ಹಳದಿ ಎಲೆಗಳಿಗೆ ಕಬ್ಬಿಣದ ಲವಣದ ದ್ರಾವಣ ಲೇಪಿಸಿ, ಅವು ಮತ್ತೆ ಹಸಿರಾಗುವುದನ್ನು ತೋರಿಸಿದರು. ಮನೆಯಲ್ಲೂ ಇದನ್ನು ಮಾಡಬಹುದು. ಗ್ರಂಥಿಗೆ ಅಂಗಡಿಯಲ್ಲಿ ಅನ್ನಭೇದಿ ಎಂದು ಸಿಗುವ ಫೆರಸ್ ಸಲ್ಫೇಟನ್ನು ಲೀಟರಿಗೆ 5 ಗ್ರಾಂ ಕರಗಿಸಿ, ಕೆಲವು ಹನಿ ನಿಂಬೆರಸ ಹಿಂಡಿ, ಸಂಜೆ ಹೊತ್ತು ಒಂದೇ ಕೊಂಬೆಗೆ ಸಿಂಪಡಿಸಬೇಕು. ಪಕ್ಕದ ಕೊಂಬೆಗೆ ಬರೀ ನೀರು. ವಾರ ಹತ್ತು ದಿನದಲ್ಲಿ ಮೊದಲ ಕೊಂಬೆಯ ಎಲೆ ಮಾತ್ರ ಹಸಿರಾದರೆ ಕೊರತೆ ಕಬ್ಬಿಣದ್ದೇ. ಮೆಗ್ನೀಸಿಯಂ ಅನುಮಾನವಿದ್ದರೆ ಮೆಗ್ನೀಸಿಯಂ ಸಲ್ಫೇಟ್ ಲೀಟರಿಗೆ 10 ಗ್ರಾಂ. ಸತುವಿಗೆ ಸತುವಿನ ಸಲ್ಫೇಟ್ 5 ಗ್ರಾಂ, ಜೊತೆಗೆ ಅದರ ಅರ್ಧದಷ್ಟು ಅರಳಿದ ಸುಣ್ಣ. ಒಮ್ಮೆಗೆ ಒಂದೇ ಲವಣ ಹಾಕಬೇಕು. ಎಲ್ಲ ಲಘು ಪೋಷಕಾಂಶ ಬೆರೆಸಿದ ಪೊಟ್ಟಣ ಸಿಂಪಡಿಸಿದರೆ ಗಿಡ ಸುಧಾರಿಸಬಹುದು, ಕಾರಣ ತಿಳಿಯುವುದಿಲ್ಲ. ಈಗ ಎಲ್ಲ ಹಳದಿಗೂ ಎಪ್ಸಮ್ ಉಪ್ಪು ಹಾಕುವ ಗೀಳು ಹರಡಿದೆ. ಅದು ಮೆಗ್ನೀಸಿಯಂ ಸಲ್ಫೇಟೇ; ಕೊರತೆ ಇಲ್ಲದ ಕಡೆ ಸುರಿದರೆ ಕ್ಯಾಲ್ಸಿಯಂ, ಪೊಟ್ಯಾಷ್ ಹೀರುವಿಕೆಗೆ ಅಡ್ಡಿಯಾಗುತ್ತದೆ.

ಚಿಕಿತ್ಸೆ ಫಲಿಸಿತೇ ಎಂದು ನೋಡಬೇಕಾದ್ದು ಹೊಸ ಎಲೆಗಳಲ್ಲಿ. ಪೂರ್ತಿ ಹಳದಿಯಾದ ಹಳೆ ಎಲೆ ಬಹುಪಾಲು ಮತ್ತೆ ಹಸಿರಾಗುವುದಿಲ್ಲ, ಅಂಚು ಸುಟ್ಟ ಎಲೆಯಂತೂ ಇಲ್ಲವೇ ಇಲ್ಲ. ಕಣ್ಣಂದಾಜು ಸಾಲದಾದಾಗ ಎಲೆಯನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಕೃಷಿ ವಿಜ್ಞಾನ ಕೇಂದ್ರಗಳು, ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳು ಈ ದಾರಿ ತೋರಿಸುತ್ತವೆ. ತೀರಾ ಹಳದಿಯಾಗಿ ಒಣಗಿದ ಎಲೆಯನ್ನೇ ಆರಿಸಿ ಒಯ್ಯುವುದು ಸಾಮಾನ್ಯ ತಪ್ಪು. ಅಂಥ ಎಲೆಯಿಂದ ಗಿಡ ಸಾರವನ್ನೆಲ್ಲ ಹಿಂಪಡೆದಿರುವುದರಿಂದ ಅದರ ಲೆಕ್ಕ ನಂಬುವಂತಿಲ್ಲ. ಲಕ್ಷಣ ಈಗಷ್ಟೇ ಶುರುವಾದ ಎಲೆ ಮತ್ತು ಅದೇ ವಯಸ್ಸಿನ, ಅದೇ ಎತ್ತರದ ಆರೋಗ್ಯವಂತ ಎಲೆ ಎರಡನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿ ಕೊಡಬೇಕು. ಪ್ಲಾಸ್ಟಿಕ್ಕಿನಲ್ಲಿ ಬೆವತು ಕೊಳೆಯುತ್ತವೆ. ಯಾವ ಎಲೆ ಎಂಬುದೂ ಬೆಳೆಯಿಂದ ಬೆಳೆಗೆ ಬೇರೆ. ತೆಂಗಿನಲ್ಲಿ ಸುಳಿಯಿಂದ ಎಣಿಸಿ 14ನೇ ಗರಿ, ಬಾಳೆಯಲ್ಲಿ ಮೇಲಿನಿಂದ ಮೂರನೆಯ ಎಲೆಯ ನಡುಭಾಗದ ಪಟ್ಟಿ, ವಿಜಯಪುರ, ಬಾಗಲಕೋಟೆಗಳ ದ್ರಾಕ್ಷಿ ತೋಟಗಳಲ್ಲಾದರೆ ಎಲೆಯನ್ನು ಬಿಟ್ಟು ಅದರ ತೊಟ್ಟು ಮಾತ್ರ.